ಮೂಕಚಿತ್ರದಲ್ಲಿ ಸತ್ಯವತಿ ಹೇಳಿದ್ದೇನು?

ಭರತಖಂಡದ ಚಲನಚಿತ್ರವನ್ನು ಸುಳ್ಳಿನ ಕೆಸರಿನಿಂದ ಎತ್ತಿ, ತೊಳೆದು, ಒಣಗಿಸಿ, ಸತ್ಯದ ಪೀಠದ ಮೇಲೆ ಕೂರಿಸಿಯೇ ತೀರುತ್ತೇನೆಂದು ಬಲ್ಮಠದ ತ್ರಿವಿಕ್ರಮ ಮಾಷ್ಟ್ರು ಶಪಥ ಮಾಡಿದ್ದು ಒಂದು ಶನಿವಾರ, ಎರಡನೇ ಲೋಟ ಕಾಫಿಯ ಹೊತ್ತಿಗೆ. ಹೆಂಡತಿ ಸತ್ಯವತಿ, ಮೊದಲು ಸಾಂಬಾರಿಗೆ ಸೌತೆಕಾಯಿ ತಂದುಕೊಡಿ ಎಂದಳು. ಸುಧಾರಕರಿಗೆ ಮನೆಯಲ್ಲಿ ಸಿಗುವ ಪ್ರೋತ್ಸಾಹ ಎಲ್ಲ ಕಾಲದಲ್ಲೂ ಇಷ್ಟೇ!

ಮಾಷ್ಟ್ರು ಸಾಮಾನ್ಯರಲ್ಲ. ಹಗಲು ಶಾಲೆಯಲ್ಲಿ ಗಣಿತ ಕಲಿಸಿ, ಸಂಜೆ ವಾರಪತ್ರಿಕೆಯ ‘ನಿಜದರ್ಶನ’ ಅಂಕಣದಲ್ಲಿ ಹೊಸ ಚಿತ್ರಗಳ ಚರ್ಮ ಸುಲಿಯುತ್ತಿದ್ದರು. ಟಾಕಿ ಬಂದು ನಾಲ್ಕೈದು ವರ್ಷವಾಗಿತ್ತಷ್ಟೇ, ಅಷ್ಟರಲ್ಲೇ ಎಷ್ಟು ಸುಳ್ಳು! ತಾಯಿ ಪ್ರಾಣ ಬಿಡುವಾಗ ಮಗ ಶ್ರುತಿ ಹಿಡಿದು ಐದು ಚರಣ ಹಾಡುತ್ತಾನೆ, ಡಾಕ್ಟರನ್ನು ಕರೆಯುವುದಿಲ್ಲ. ಮೂರು ತಿಂಗಳು ಕಾಡಿನಲ್ಲಿ ಅಲೆದ ರಾಣಿಯ ಸೀರೆಯಲ್ಲಿ ಇಸ್ತ್ರಿಯ ಗೆರೆ ಹಾಗೇ ಇರುತ್ತದೆ. ಇಂಥದ್ದನ್ನು ಜನರಿಗೆ ತೋರಿಸುವವನೂ ಹಾಲಿಗೆ ನೀರು ಬೆರೆಸುವವನೂ ಒಂದೇ ಎಂದು ಮಾಷ್ಟ್ರು ಬರೆದಾಗ, ಕಾಗದಕ್ಕೆ ಬೆಂಕಿ ಹತ್ತೀತೆಂದು ಸಂಪಾದಕ ಹರಿದಾಸರೇ ಹೆದರಿದ್ದರು.

ಊರು ಬಿಟ್ಟು ವಿಲಾಯತಿಗೆ ಹೊರಟ ದೊರೆಯೊಬ್ಬನಿಂದ ಮಾಷ್ಟ್ರಿಗೆ ಕೀಲಿ ಕೊಟ್ಟು ಓಡಿಸುವ ಕ್ಯಾಮರಾ ದಕ್ಕಿತು. ಅದು ಚಿತ್ರ ಹಿಡಿಯುತ್ತಿತ್ತು, ಧ್ವನಿ ಹಿಡಿಯುತ್ತಿರಲಿಲ್ಲ. ಕಥೆ ತಯಾರಾಯಿತು: ಮುಂಬಯಿಗೆ ಹೋದ ಗಂಡನಿಗಾಗಿ ಬಾವಿಕಟ್ಟೆಯಲ್ಲಿ ಕಾಯುವ ಹೆಂಡತಿ. ನಾಯಕಿ ಸತ್ಯವತಿ. ಗಂಡನ ಪಾತ್ರಕ್ಕೆ ಯಾರೂ ಬೇಕಾಗಲಿಲ್ಲ, ಅವನು ಬರುವುದೇ ಇಲ್ಲವಲ್ಲ!

“ನಾನು ಎಂತ ಹೇಳಬೇಕು?” ಎಂದು ಸತ್ಯವತಿ ಕೇಳಿದಳು.

“ಎಂತಾದ್ರೂ ಹೇಳು. ಬರೇ ತುಟಿ ಅಲ್ಲಾಡಿದ್ರೆ ಸಾಕು, ಸ್ವರ ತೆಗೀಬೇಡ. ನನ್ನ ಏಕಾಗ್ರತೆ ಹಾಳಾಗ್ತದೆ.”

ನಡುವೆ ಒಮ್ಮೆ ಅವಳು ಏನೋ ಹೇಳಲು ಸ್ವರ ತೆಗೆದಾಗ ಮಾಷ್ಟ್ರು ಗದರಿಸಿ ಬಾಯಿ ಮುಚ್ಚಿಸಿದರು. ಆಮೇಲೆ ಸತ್ಯವತಿ ನಟಿಸಿದ್ದೇ ನಟನೆ! ತುಟಿ ಅದುರಿತು. ದೃಷ್ಟಿ ನೆಲಕ್ಕಿಳಿಯಿತು. ಸೆರಗು ಬಾಯಿಗೆ ಬಂತು, ಕಣ್ಣಲ್ಲಿ ನೀರೂ ಬಂತು. ಎರಡು ಕೈ, ಒಂದು ಕಣ್ಣು ಕ್ಯಾಮರಾಕ್ಕೆ ಕೊಟ್ಟು ನಿಂತಿದ್ದ ಮಾಷ್ಟ್ರು ಇನ್ನೊಂದು ಕಣ್ಣಲ್ಲಿ ತಾವೂ ಅತ್ತರು.

ರೀಲು ಮುಂಬಯಿಗೆ ಹೋಗಿ ತೊಳೆಸಿಕೊಂಡು ಬಂತು. ಒಂದು ಭಾನುವಾರ ಮಧ್ಯಾಹ್ನ ಕಿಟಕಿಗಳಿಗೆ ಜಮಖಾನ ಕಟ್ಟಿ, ಎರವಲು ತಂದ ಯಂತ್ರದಲ್ಲಿ ಸುಣ್ಣದ ಗೋಡೆಯ ಮೇಲೆ ಮಾಷ್ಟ್ರು ಪರೀಕ್ಷೆಗೆ ಚಿತ್ರ ಬಿಟ್ಟರು. ಅಷ್ಟರಲ್ಲಿ ಪಕ್ಕದ ಮನೆಯ ಕಾರ್ಮಿನ್ ಬಾಯಿ ತುರಿಮಣೆ ಹಿಂದೆ ಕೊಡಲು ಬಂದವಳು ಗೋಡೆ ನೋಡುತ್ತ ನಿಂತಳು. ದುಃಖದ ದೃಶ್ಯ ಬಂದದ್ದೇ ತಡ, ತುರಿಮಣೆ ನಡುಗುವಷ್ಟು ನಕ್ಕಳು! ಯಾಕೆಂದು ಕೇಳಿದರೆ ಎಂತ ಇಲ್ಲ ಎಂದು ಅಡುಗೆಮನೆಗೆ ನುಗ್ಗಿದಳು. ಈಗ ಅಲ್ಲಿಂದ ಎರಡು ನಗೆ ಕೇಳಿಸಿತು.

ಮಾಷ್ಟ್ರಿಗೆ ಆಗ ಹೊಳೆಯಿತು. ಕಾರ್ಮಿನ್ ಬಾಯಿ ಇಪ್ಪತ್ತು ವರ್ಷ ನೇಯ್ಗೆ ಕಾರ್ಖಾನೆಯಲ್ಲಿ ದುಡಿದವಳು. ಮಗ್ಗಗಳ ಗದ್ದಲದಲ್ಲಿ ತಮ್ಮ ಸೀನು ತಮಗೇ ಕೇಳಿಸದ ಆ ಹೆಂಗಸರು ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ಅಂದರೆ ಸತ್ಯವತಿ ಹೇಳಿದ್ದು ಅವಳಿಗೆ ತಿಳಿದಿದೆ!

“ಆ ದಿನ ನೀನು ಎಂತ ಹೇಳಿದ್ದು?” ಎಂದು ಮಾಷ್ಟ್ರು ಹೆಂಡತಿಯನ್ನು ತಡೆದು ನಿಲ್ಲಿಸಿದರು.

“ಎಂತಾದ್ರೂ ಹೇಳು ಅಂದ್ರಲ್ಲ. ಎಂತಾದ್ರೂ ಹೇಳಿದೆ.”

ಈಗ ಒಂದು ಗುಟ್ಟು ಹೇಳಲೇಬೇಕು. ಥಿಯೇಟರಿನಲ್ಲಿ ದೀಪ ಆರಿತೆಂದರೆ ಮಾಷ್ಟ್ರಿಗೆ ನಿದ್ರೆ. ಎಚ್ಚರವಾಗುವುದು ಜನ ಏಳುವಾಗ ಕುರ್ಚಿಗಳ ಸದ್ದಿಗೆ. ಬಾಗಿಲಲ್ಲಿ ಸಿಗುವ ಹಾಡಿನ ಪುಸ್ತಕ, ಗೋಡೆಗೆ ಅಂಟಿಸಿದ ಚಿತ್ರಪಟ, ಮಿಕ್ಕದ್ದು ಸ್ವಂತ ಆಕ್ರೋಶ. ‘ನಿಜದರ್ಶನ’ ಹುಟ್ಟುತ್ತಿದ್ದದ್ದು ಹೀಗೆ. ಇದನ್ನು ಬಲ್ಲವಳು ಹೆಂಗಸರ ಸಾಲಿನಿಂದ ತಿರುಗಿ ನೋಡಿದ್ದ ಸತ್ಯವತಿ ಒಬ್ಬಳೇ. ಆ ಹೆಸರಿನವಳ ಬಾಯಿಂದ ಈ ಸತ್ಯವಲ್ಲದೆ ಇನ್ನೇನು ಬಂದೀತು?

ಮಾಷ್ಟ್ರು ಭೂತಗನ್ನಡಿ ಹಿಡಿದು ರೀಲನ್ನು ಬೆಳಕಿಗೊಡ್ಡಿ ತನಿಖೆ ಮಾಡಿದರು. ಮೊದಲು ತುಟಿ ಕೂಡುತ್ತದೆ, ಆಮೇಲೆ ಬಾಯಿ ತೆರೆಯುತ್ತದೆ. ಕನ್ನಡಿಯ ಮುಂದೆ ನಿಂತು ‘ಮಲಗ್ತಾರೆ, ಮಲಗ್ತಾರೆ’ ಎಂದು ಹೇಳಿ ನೋಡಿಕೊಂಡರು. ಅದೇ ತುಟಿ! ಅಂದಿನಿಂದ ಸತ್ಯವತಿ ನಕ್ಕರೆ ಸಂಶಯ, ನಗದಿದ್ದರೆ ದೊಡ್ಡ ಸಂಶಯ. ಅವಳು ‘ಮಜ್ಜಿಗೆ’ ಎಂದರೂ ಮಾಷ್ಟ್ರು ಬೆಚ್ಚಿಬೀಳುತ್ತಿದ್ದರು. ಆ ತುಂಡನ್ನು ಕತ್ತರಿಸಿ ಎಸೆಯಲು ಕತ್ತರಿ ತೆಗೆದದ್ದೂ ಉಂಟು. ಆದರೆ ಪ್ರೇಕ್ಷಕನಿಂದ ಏನನ್ನೂ ಬಚ್ಚಿಡಬಾರದೆಂದು ಬರೆದ ಕೈ ಅದು, ಕತ್ತರಿಯನ್ನು ಮತ್ತೆ ಪೆಟ್ಟಿಗೆಗೇ ಹಾಕಿತು.

ಮುಂದಿನ ಭಾನುವಾರ ಹರಿದಾಸರೇ ಚಿತ್ರ ನೋಡಲು ಬಂದರು. ಮೆಚ್ಚಿಗೆಯಾದರೆ ‘ನಿಜದರ್ಶನ’ಕ್ಕೆ ಇಡೀ ಪುಟ ಕೊಡುವ ಮಾತಿತ್ತು. ಮಾಷ್ಟ್ರು ಕಾರ್ಮಿನ್ ಬಾಯಿಯನ್ನು ಕಂಬದ ಹಿಂದೆ ಕೂರಿಸಿದರು. ದೀಪ ಆರಿದ ಮೇಲೆ ನೋಡಿದರೆ ಅವಳು ಎಲ್ಲರಿಗಿಂತ ಮುಂದೆ, ಚಾಪೆಯ ಮೇಲಿದ್ದಳು.

ದುಃಖದ ದೃಶ್ಯ ಬಂತು. ಕಾರ್ಮಿನ್ ಬಾಯಿ ನಕ್ಕಳು. ಹರಿದಾಸರು ಮುಂದೆ ಬಾಗಿ, ಸತ್ಯವತಿಯವರು ಎಂತ ಹೇಳುತ್ತಿದ್ದಾರೆಂದು ಅವಳನ್ನೇ ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಮಾಷ್ಟ್ರು ಬೆಳಕಿಗೆ ಅಡ್ಡ ನೆಗೆದರು. ಸತ್ಯವತಿಯ ಮುಖ ಈಗ ಅವರ ಅಂಗಿಯ ಮೇಲೆ ಅಳುತ್ತಿತ್ತು.

“ಬೇರೆಯವರ ಬಾಯಿಂದ ಬೇಡ, ನಾನೇ ಹೇಳ್ತೇನೆ. ಹೌದು ಹರಿದಾಸರೇ, ಮಲಗ್ತೇನೆ. ಹನ್ನೊಂದು ಚಿತ್ರಕ್ಕೆ ಬರೆದೆ, ಹನ್ನೊಂದರಲ್ಲೂ ಮಲಗಿದ್ದೆ. ಚಿತ್ರದಲ್ಲಿ ತಾಯಿ ಸತ್ತದ್ದು ಹಾಡಿನ ಪುಸ್ತಕದಲ್ಲಿ ಓದಿ ಗೊತ್ತಾದದ್ದು.”

ಕಾರ್ಮಿನ್ ಬಾಯಿ ಪಾಪ ಎನಿಸಿದವಳಂತೆ ಮೇಲೆ ನೋಡಿದಳು.

“ಅವಳು ಹಾಗೆ ಎಂತ ಸಹ ಹೇಳ್ಲಿಲ್ಲ ಮಾಷ್ಟ್ರೇ. ‘ಪಂಚೆ ಜಾರ್ತಾ ಉಂಟು, ಪಂಚೆ ಹಿಡ್ಕೊಳ್ಳಿ’ ಅಂತ ನಿಮಗೇ ಹೇಳಿದ್ದು.”

ಪ, ಬ, ಮ, ಮೂರಕ್ಕೂ ತುಟಿ ಕೂಡುವುದು ಒಂದೇ ಥರ ಎಂಬುದು ಗಣಿತದ ಮಾಷ್ಟ್ರಿಗೆ ಆಗ ತಿಳಿಯಿತು. ಹರಿದಾಸರು ಎದ್ದು ಕೊಡೆ ತೆಗೆದುಕೊಂಡರು.

“ಈ ವಾರದ ವಿಮರ್ಶೆ ನಾನೇ ಬರೀತೇನೆ ಮಾಷ್ಟ್ರೇ,” ಎಂದರು. “ನಾನು ಎಚ್ಚರ ಇದ್ದೆ.”