ಕಾಗೆಯ ಮೇಲೆ ದೊಡ್ಡಮ್ಮನ ಅನುಮಾನ

ನಮ್ಮ ದೊಡ್ಡಮ್ಮನನ್ನು ಪೊಲೀಸ್ ಇಲಾಖೆಗೆ ಸೇರಿಸಿಕೊಂಡಿದ್ದರೆ ಕಡೂರು ತಾಲ್ಲೂಕಿನ ಕಾಗೆಗಳೆಲ್ಲ ಇಷ್ಟು ಹೊತ್ತಿಗೆ ಲಾಕಪ್ಪಿನಲ್ಲಿರುತ್ತಿದ್ದವು! ಹುಟ್ಟಾ ಅನುಮಾನದ ಹೆಂಗಸು. ನಾನು ತಂದುಕೊಟ್ಟ ಬೇಳೆಯನ್ನೂ ಕಲ್ಲಿಗಾಗಿ ಹುಡುಕುವವಳು. ದೊಡ್ಡಪ್ಪ ತೋಟದಿಂದ ಬಂದರೆ ಬಾಗಿಲಲ್ಲೇ ವಿಚಾರಣೆ: "ಕೈಕಾಲು ತೊಳ್ಕಂಡ್ರಾ? ಸೋಪು ಹಾಕ್ಕಂಡ್ರಾ? ಎಲ್ಲಿ, ತೋರ್ಸಿ, ಮೂಸ್ತೀನಿ!"

ಹೋದ ವರ್ಷ ದೊಡ್ಡಪ್ಪನ ಕಾಲಿಗೆ ಕುಡುಗೋಲು ತಾಗಿ ಗಾಯ ಕೀವಾಯಿತು. ಮಾತ್ರೆ, ಇಂಜೆಕ್ಷನ್ ಯಾವುದೂ ನಾಟಲಿಲ್ಲ. ದೊಡ್ಡಪ್ಪ ಹೋಗಿಬಿಟ್ಟರು. "ಔಷಧಿಗೆ ಬಗ್ಗದ ಕ್ರಿಮಿ" ಅಂದರು ಡಾಕ್ಟರು. ಆ ಕ್ರಿಮಿ ಬಂದದ್ದಾದರೂ ಎಲ್ಲಿಂದ? ದೊಡ್ಡಮ್ಮ ತನಿಖೆಗಿಳಿದಳು.

ಅಷ್ಟರಲ್ಲಿ ಕೆರೆ ಏರಿಯ ಮೇಲೆ ಹಕ್ಕಿಗಳ ಹಿಕ್ಕೆಯನ್ನು ಡಬ್ಬಿಗೆ ತುಂಬಿಕೊಳ್ಳುತ್ತಿದ್ದ ಪಶುವೈದ್ಯಕೀಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. "ಅಂಥಾ ಕ್ರಿಮಿ ಈಗ ಕಾಗೆ, ಕೊಕ್ಕರೆ ಹೊಟ್ಟೇಲೂ ಸಿಗ್ತವೆ ಅಜ್ಜಿ" ಎಂದಳಷ್ಟೆ. ಕಳ್ಳ ಸಿಕ್ಕಿಬಿದ್ದ!

ಅಂದಿನಿಂದ ನೀರಿನ ತೊಟ್ಟಿಗೆ ಬಲೆ, ಬಾವಿಗೆ ತಗಡು, ದೊಡ್ಡಮ್ಮನ ಕೈಗೆ ಕವಣೆ. ಕಾಗೆ ಕೂತರೆ ಸಾಕು, "ಎಲ್ಲಿಂದ ಬಂದ್ಯೋ? ಅಜ್ಜಂಪುರದ ತಿಪ್ಪೆಯಿಂದ್ಲೋ, ತರೀಕೆರೆ ಕೋಳಿ ಅಂಗ್ಡಿ ಹಿಂದ್ಲಿಂದ್ಲೋ?" ಉತ್ತರ ಬರುವ ಮೊದಲೇ ಕಲ್ಲು ಹೋಗುತ್ತಿತ್ತು!

ಆ ವಿದ್ಯಾರ್ಥಿನಿ ಇನ್ನೊಮ್ಮೆ ಮನೆಗೇ ಬಂದಾಗ ದೊಡ್ಡಮ್ಮ ತನ್ನ ಕೋಳಿ ಸಾಕಣೆಯ ಹೆಚ್ಚುಗಾರಿಕೆ ಹೇಳಿಕೊಂಡಳು. "ಒಂದು ಕ್ಯಾಪ್ಸೂಲೂ ದಂಡ ಮಾಡಿಲ್ಲ ಕಣವ್ವ. ನಮ್ಮನೆಯವ್ರಿಗೆ ಜ್ವರ ಬಿಟ್ಟ ಕೂಡ್ಲೆ ನಿಲ್ಲಿಸ್ಬಿಡ್ತಿದ್ದೆ. ಮಿಕ್ಕಿದ್ದು ಒಡ್ದು ಕೋಳಿ ನುಚ್ಚಿಗೆ!"

"ಆ ನುಚ್ಚು ಕಾಗೆನೂ ತಿಂತಿತ್ತಾ ಅಜ್ಜಿ?"

"ಬಿಡ್ತವಾ? ಕಳ್ಳ್ ಮುಂಡೇವು!"

"ಅರ್ಧಂಬರ್ಧ ಔಷಧಿಗೇ ಕ್ರಿಮಿ ಗಟ್ಟಿಯಾಗೋದು ಅಜ್ಜಿ. ಕಾಗೆಗೆ ನಮ್ಮಿಂದ್ಲೇ ಹೋಗಿರ್ತದೆ."

ದೊಡ್ಡಮ್ಮ ಜೀವನದಲ್ಲಿ ಮೊದಲ ಸಲ ತನ್ನ ಮೇಲೇ ಅನುಮಾನಪಟ್ಟಳು. ಕವಣೆ ಅಟ್ಟ ಸೇರಿತು. ಆಮೇಲೆ ಎಷ್ಟೋ ದಿನ ಅವಳು ಯಾರನ್ನೂ ಏನನ್ನೂ ಕೇಳಲಿಲ್ಲ, ನನಗೆ ಅದೇ ದಿಗಿಲಾಗಿತ್ತು.

ಹಿರಿಯರ ಹಬ್ಬ ಬಂತು. ದೊಡ್ಡಪ್ಪನಿಗೆ ಮೊದಲ ಎಡೆ. ವಡೆ, ಪಾಯಸ ಬಡಿಸಿದ ಬಾಳೆಲೆಯನ್ನು ಮಾಳಿಗೆ ಮೇಲಿಟ್ಟು ಕಾದರೆ ಒಂದು ಕಾಗೆಯೂ ಇಲ್ಲ! ಕಾಗೆ ಮುಟ್ಟದಿದ್ದರೆ ಹೋದವರು ಉಂಡಂತಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಹೊಡೆದು ಓಡಿಸಿದ ಮೇಲೆ ಬರುತ್ತವೆಯೇ? "ಕಾ ಕಾ" ಎಂದು ಕರೆದೂ ಕರೆದೂ ದೊಡ್ಡಮ್ಮನ ದನಿ ಒಡೆಯಿತು. ಯಾರೂ ನಗಲಿಲ್ಲ.

ಕೊನೆಗೆ ತೆಂಗಿನ ಮರದಿಂದ ಒಂದೇ ಒಂದು ಕಾಗೆ ಇಳಿದು, ಎಲೆಯ ಪಕ್ಕ ಕೂತು, ಕತ್ತು ಓರೆ ಮಾಡಿ ಅವಳನ್ನೇ ಅನುಮಾನದಿಂದ ನೋಡಿತು. ದೊಡ್ಡಮ್ಮ ಹಳೇ ಚಾಳಿಯಂತೆ ಮೂಗಿಗೆ ಸೆರಗು ಹಿಡಿದು, "ಕೈಕಾಲು ತೊಳ್ಕಂಡ್ರಾ?" ಎಂದಳು.

ಆಮೇಲೆ ಸೆರಗು ಕಣ್ಣಿಗೆ ಹೋಯಿತು.

"ಹೋಗ್ಲಿ ಬಿಡಿ. ಹಂಗೇ ಉಣ್ಣಿ."