ಗಿರಣಿಯಲ್ಲಿ ದಮ್ಮು ಹತ್ತಿದ ಶಿವಶರಣ

ಕಲಿತವರು ತಪ್ಪು ಮಾಡಿದರೆ ಪುಸ್ತಕದ ಮೇಲೆ ಹಾಕಿ ಪಾರಾಗಬಹುದು. ಏಳನೇ ತರಗತಿಗೇ ಶಾಲೆ ಬಿಟ್ಟ ನನ್ನಂಥವನಿಗೆ ಆ ಸವಲತ್ತು ಇಲ್ಲ. ನನ್ನ ಪುಸ್ತಕ ಎಂದರೆ ನನ್ನ ಕಿವಿ. ಕಲಬುರಗಿಯ ಗಾಜಿಪುರದಲ್ಲಿ ಮೋಟರ್ ರಿಪೇರಿ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೆ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ರೋಗ ಹೇಳುವುದು ನನ್ನ ಪದ್ಧತಿ. ಕಣ್ಣು ಮುಚ್ಚುವ ಅಗತ್ಯವೇನೂ ಇಲ್ಲ. ಆದರೆ ಮುಚ್ಚಿದರೆ ಗಿರಾಕಿ ಮಾತು ನಿಲ್ಲಿಸುತ್ತಾನೆ.

ಇನ್ನೊಂದು ಚಟವಿದೆ. ರಿಪೇರಿಯಾದ ಮೋಟರಿನ ಹೊಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ದಪ್ಪಗೆ ನನ್ನ ಹೆಸರು ಬರೆಯುತ್ತೇನೆ: ಶಿವಶರಣ, ಗಾಜಿಪುರ. “ಮಂದಿ ಮದುವ್ಯಾಗ ತಾವು ಕೊಟ್ಟ ಭಾಂಡಿ, ಕೊಡದ ಮ್ಯಾಲೆ ಹೆಸರು ಹಾಕಸ್ತಾರ. ನೀವು ಮಂದಿ ಮೋಟರ್ ಮ್ಯಾಲೇ ಹಾಕ್ತೀರಲ್ರಿ,” ಎನ್ನುತ್ತಾಳೆ ಹೆಂಡತಿ. ಕೆಲಸ ನನ್ನದಲ್ಲವೇ?

ಕಮಲಾಪುರದಲ್ಲಿ ಹಿಟ್ಟಿನ ಗಿರಣಿ ನಡೆಸುವ ಕಾಶೀಬಾಯಿ ತಮ್ಮ ಮೋಟರನ್ನು ಟೆಂಪೋದಲ್ಲಿ ಕಳಿಸಿದ್ದರು. ಕಾಳು ಹಾಕಿದರೆ ಸೋಲುತ್ತದೆ ಎಂಬುದು ದೂರು. ಕಿವಿ ಹಚ್ಚಿ “ಬೇರಿಂಗ್” ಎಂದೆ. ಬದಲಿಸಿದೆ, ಅಂಗಡಿಯಲ್ಲಿ ಬೆಣ್ಣೆಯಂತೆ ತಿರುಗಿತು. ಹೆಸರು ಬರೆದು ಕಳಿಸಿದೆ. ವಾಪಸ್ ಬಂತು. ಸುರುಳಿಯೆಲ್ಲ ಬಿಚ್ಚಿ ಹೊಸ ತಂತಿ ಸುತ್ತಿದೆ, ಮತ್ತೆ ಬೆಣ್ಣೆ. ಹೆಸರಿನ ಮೇಲೆ ಇನ್ನೊಂದು ಕೈ ಬಣ್ಣವನ್ನೂ ಬಳಿದು ಕಳಿಸಿದೆ. ಎರಡು ದಿನಕ್ಕೆ ಮಹಾಗಾಂವದ ಗಿರಾಕಿಯೊಬ್ಬ ನಗುತ್ತ ಬಂದ.

“ಮಿಸ್ತ್ರಿ, ಕಮಲಾಪುರದಾಗ ನಿಮ್ದೇ ಸುದ್ದಿ. ‘ಶಿವಶರಣಗ ದಮ್ಮು ಹತ್ಯಾದ, ಇವತ್ತ ಹಿಟ್ಟಿಲ್ಲ’ ಅಂತ ಹೆಣ್ಮಕ್ಕಳು ಡಬ್ಬಿ ವಾಪಸ್ ಒಯ್ಯಾಕತ್ತಾರ.”

ಮೋಟರ್ ಸೋತರೆ ಸಹಿಸಬಹುದು. ಒಂದು ಊರಿನ ಹೆಂಗಸರ ಬಾಯಲ್ಲಿ ದಿನಾ ನಾನೇ ಸೋಲುವುದೆಂದರೆ? ಮರುದಿನ ಮೊದಲ ಬಸ್ಸಿಗೇ ಹೊರಟೆ.

ಗಿರಣಿಯ ಮುಂದೆ ಆರೆಂಟು ಹೆಂಗಸರು ಡಬ್ಬಿ ಇಟ್ಟುಕೊಂಡು ಕೂತಿದ್ದರು. ನಾನು ಕಾಳು ಹಾಕದೆ ಮೋಟರ್ ಚಾಲು ಮಾಡಿ, “ನೋಡ್ರಿ, ಏನಾಗ್ಯಾದ ಇದಕ್ಕ?” ಎಂದೆ.

“ಖಾಲಿ ಇದ್ದಾಗ ನಮ್ಮ ಮನ್ಯಾಗಿನವರೂ ಹಿಂಗೇ ಜೋರ್ ಇರ್ತಾರ,” ಎಂದಳು ಒಬ್ಬ ಮುದುಕಿ. “ಜ್ವಾಳ ಹಾಕ ಕಾಶಿ.”

ಕಾಶೀಬಾಯಿ ಜೋಳ ಸುರಿದರು. ಕೂಡಲೇ ಶಿವಶರಣ ಏದುಸಿರು ಬಿಡತೊಡಗಿದ. ನಾನು ಸ್ಕ್ರೂಡ್ರೈವರ್ ಕಿವಿಗೆ ಹಚ್ಚಿ ಕಣ್ಣು ಮುಚ್ಚಿದೆ. ಈ ಸಲ ಯಾರೂ ಮಾತು ನಿಲ್ಲಿಸಲಿಲ್ಲ.

“ಕಣ್ಣು ತೆಗೀರಿ ಮಿಸ್ತ್ರಿ,” ಎಂದರು ಕಾಶೀಬಾಯಿ, ಬೀಳುವ ಹಿಟ್ಟಿಗೆ ಅಂಗೈ ಒಡ್ಡಿ. “ಹಿಟ್ಟು ಒಂದೇ ಸಮ ಬೀಳವಲ್ದು. ಒಮ್ಮೆ ಜೋರ್, ಒಮ್ಮೆ ಸಾವಕಾಶ. ಮೊದಲೇ ಹೇಳಬೇಕಂತ ಫೋನ್ ಮಾಡಿದ್ದೆ. ‘ನೀವು ಗಪ್ಪಿರ್ರಿ, ನನಗ ಕೇಳಸ್ತದ’ ಅಂದ್ರಿ.”

ಅಂದದ್ದು ನಿಜ. ಅವರು ಗೋಡೆಯ ಮೇಲೆ, ಮೋಟರ್ ಎಳೆಯುವ ಕರೆಂಟ್ ತೋರಿಸುವ ಮುಳ್ಳಿನ ಮೀಟರಿನ ಗಾಜಿಗೆ ಹತ್ತಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿದರು. ಅಂಗೈಗೆ ಹಿಟ್ಟು ಬೀಳುತ್ತಿದ್ದ ಲಯಕ್ಕೇ ಅದರ ಮುಳ್ಳು ಅತ್ತಿಂದಿತ್ತ ತೂಗುತ್ತಿತ್ತು. ನನ್ನ ಕಿವಿಗಳೆರಡೂ ಬಿಸಿಯಾದವು. ಇದು ಬೇರಿಂಗಲ್ಲ, ಸುರುಳಿಯಲ್ಲ. ಒಳಗೆ ತಿರುಗುವ ರೋಟರಿನದೇ ರೋಗ.

ರೋಟರಿನ ಮೈಯಲ್ಲಿ ಸಾಲಾಗಿ ಸಲಾಕೆಗಳಿರುತ್ತವೆ. ಒಂದೆರಡು ಒಡೆದರೆ ಭಾರ ಬಿದ್ದಾಗ ಎಳೆತ ಏರಿಳಿಯುತ್ತದೆ, ಖಾಲಿ ತಿರುಗುವಾಗ ಸುಳಿವೇ ಸಿಗುವುದಿಲ್ಲ. ಮದುವೆ ಮನೆಯಲ್ಲಿ ಹಂಡೆ ಎತ್ತುವಾಗ ಒಬ್ಬ ಬರೀ ಕೈ ಹಚ್ಚಿ ನಿಂತಿರುತ್ತಾನಲ್ಲ, ಹಾಗೆ. ಹಂಡೆ ತುಂಬಿದ್ದಾಗಲೇ ಅವನ ಬಂಡವಾಳ ಬಯಲಾಗುವುದು. ನಾನೋ ಎರಡು ಸಲವೂ ಖಾಲಿ ಹಂಡೆ ಎತ್ತಿಸಿ ಶಹಬಾಸ್ ಎಂದಿದ್ದೆ.

ಬಿಚ್ಚಿ ನೋಡಿದರೆ ಎರಡು ಸಲಾಕೆ ಸೀಳಿದ್ದವು. ಅದೇ ಅಳತೆಯ ರೋಟರ್ ಹುಡುಕಿ ತಂದು ಕೂಡಿಸಿದೆ. ಜೋಳ ಬಿತ್ತು, ಹಿಟ್ಟು ಒಂದೇ ಸಮ ಸುರಿಯಿತು. “ಶಿವಶರಣ ಆರಾಮಾದ,” ಎಂದಳು ಮುದುಕಿ, ನನ್ನತ್ತ ನೋಡದೆ, ಮೋಟರಿನತ್ತ ನೋಡಿ.

ಈಗಲೂ ನಾನು ಸ್ಕ್ರೂಡ್ರೈವರ್ ಹಚ್ಚಿ ಕಣ್ಣು ಮುಚ್ಚುತ್ತೇನೆ. ಇಷ್ಟು ವರ್ಷದ ಪದ್ಧತಿ, ಬಿಟ್ಟರೆ ಅಂಗಡಿಯ ಮರ್ಯಾದೆ ಏನಾದೀತು? ಗಿರಾಕಿ ಗೌರವದಿಂದ ಸುಮ್ಮನಾಗುತ್ತಾನೆ. ಆಗ ಒಂದು ಕಣ್ಣಷ್ಟೇ ತೆರೆದು ಹೇಳುತ್ತೇನೆ: “ಯಾಕ ಗಪ್ ಆದ್ರಿ? ಮಾತಾಡ್ರಿ, ನಾ ಅದನ್ನೇ ಕೇಳಾಕತ್ತೀನಿ.”