ನಿಲ್ಲುವ ಮೆಷಿನ್ನಿಗೆ ನನ್ನ ಟ್ರಯಲ್ಲು

ಮನೆಗೆ ಯಾವ ಯಂತ್ರ ಬಂದರೂ ಯಜಮಾನನಾದವನು ಮೊದಲು ಪರೀಕ್ಷಿಸಬೇಕು ಎಂಬುದು ನನ್ನ ಸಿದ್ಧಾಂತ. ಮೋಟರು, ಗೀಸರು, ಮಿಕ್ಸಿ ಎಲ್ಲದರ ಉದ್ಘಾಟನೆಯೂ ನನ್ನ ಅಮೃತಹಸ್ತದಿಂದಲೇ ಆಗಿದೆ. (ಮಿಕ್ಸಿ ಈಗಿಲ್ಲ. ಆ ವಿಷಯ ಬೇಡ.)

ನನ್ನ ಹೆಂಡತಿ ಆಶಾಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಹೊದಿಕೆ ಹಾಳಾಗಿ, ಕಾಲು ಹೇಳಿದ ಮಾತು ಕೇಳದಂತಾಗಿದೆ. (ನಮ್ಮ ಮನೆಯಲ್ಲಿ ಅವಳ ಮಾತು ಮೀರುವ ಧೈರ್ಯ ಇರುವುದು ಅವಳ ಕಾಲಿಗೆ ಮಾತ್ರ.) ಅವಳು ವೀಲ್‌ಚೇರಿಗೆ ಬಂದ ಮೇಲೆ ಕೊಬ್ಬರಿ ವ್ಯಾಪಾರ ನನ್ನ ಕೈಗೆ ಬಂತು. ಅದೇ ಅವಳಿಗೆ ಸಂಕಟ. ಅಟ್ಟದಲ್ಲಿ ಒಣಗಲು ಹಾಕಿದ ತೆಂಗಿನಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

"ಕೂತೋರ ಮಾತು ಯಾರೂ ಕೇಳಲ್ಲ ಕಣ್ರೀ. ಈ ಸಲ ವೀರಭದ್ರಯ್ಯ ಬಂದಾಗ ನಾನು ನಿಂತಿರ್ಬೇಕು" ಎಂದಳು. ವೀರಭದ್ರಯ್ಯ ಹುಳಿಯಾರಿನ ಕೊಬ್ಬರಿ ವ್ಯಾಪಾರಿ.

ಹಾಗಾಗಿ ಸ್ಟ್ಯಾಂಡಿಂಗ್ ಫ್ರೇಮ್ ತರಿಸಿದೆವು. ಮಂಡಿಗೆ ಮೆತ್ತೆ, ಸೊಂಟಕ್ಕೆ ಪಟ್ಟಿ, ಎದುರಿಗೆ ಹಲಗೆ. ಪಕ್ಕದ ಹಿಡಿ ಒತ್ತಿದರೆ ಕೂತವರನ್ನು ಮೆಲ್ಲಗೆ ಎತ್ತಿ ನಿಲ್ಲಿಸುತ್ತದೆ. ತಿಪಟೂರಿನ ಫಿಸಿಯೋಥೆರಪಿಸ್ಟ್ ಹತ್ತಿರ ಆಶಾ ಎಲ್ಲ ಕಲಿತೇ ಬಂದಿದ್ದಳು.

ವ್ಯಾಪಾರಿ ಬರುವ ದಿನ ಬೆಳಿಗ್ಗೆ ನನ್ನ ಟ್ರಯಲ್ಲು. ವಂಶಪಾರಂಪರ್ಯ ಪದ್ಧತಿಯಂತೆ ಮೆಷಿನ್ನನ್ನು ಅಲ್ಲಾಡಿಸಿ ಕಿವಿಗೊಟ್ಟೆ. ಲೊಡಲೊಡ ಅಂದಿತು! ಕಾಯಿ ಲೊಡಲೊಡ ಅಂದರೆ ಶುಭ, ಕಬ್ಬಿಣ ಅಂದರೆ ಅಶುಭ. ಸಡಿಲವಾಗಿದ್ದ ತಿರುಪೊಂದನ್ನು ಪತ್ತೆ ಮಾಡಿ, ಸ್ಪ್ಯಾನರಿನಿಂದ ಹಲ್ಲು ಕಚ್ಚಿ ಬಿಗಿದೆ.

"ಅದನ್ಯಾಕ್ರೀ ಮುಟ್ಟಿದ್ರಿ?"

"ಸುಮ್ನಿರೇ. ಟ್ರ್ಯಾಕ್ಟರ್ ಬಿಚ್ಚಿ ಜೋಡ್ಸಿದೋನು ನಾನು."

"ಬಿಚ್ಚಿದ್ದು ನೀವು. ಜೋಡ್ಸಿದ್ದು ಮೆಕ್ಯಾನಿಕ್ಕು."

ಪಟ್ಟಿ ಕಟ್ಟಿಕೊಂಡು ಹಿಡಿ ಒತ್ತಿದೆ. ಆಹಾ, ರಾಜಾಧಿರಾಜನಂತೆ ಎದ್ದೆ! ಇಳಿಯಲು ಹೋದರೆ ಇಳಿಯಲಿಲ್ಲ. ನಾನು ಬಿಗಿದದ್ದು ಇಳಿಸುವ ತಿರುಪನ್ನೇ. ಪಟ್ಟಿ ಬಿಚ್ಚೋಣವೆಂದರೆ ಅದರ ಕೊಂಡಿ ನನ್ನ ಹೊಟ್ಟೆಗೂ ಹಲಗೆಗೂ ನಡುವೆ ಅದೃಶ್ಯವಾಗಿತ್ತು.

ಆಗಲೇ ವೀರಭದ್ರಯ್ಯ ಬರಬೇಕೇ!

"ಏನಾಯ್ತು ಮೋಹನಪ್ಪ, ಕಾಲಿಗೆ?"

"ಏನಿಲ್ಲ, ವ್ಯಾಯಾಮ."

ಅವರು ಬೆಂಚಿನ ಮೇಲೆ ಕೂತು, ಅಟ್ಟದಿಂದ ಇಳಿಸಿಟ್ಟ ಕಾಯಿಗಳನ್ನು ಅಲ್ಲಾಡಿಸಿ ನೋಡಿ, "ಅರ್ಧಕ್ಕರ್ಧ ಇನ್ನೂ ಹಸಿ ಕಣಪ್ಪ. ರೇಟು ಇಳಿಸ್ಬೇಕಾಯ್ತದೆ" ಎಂದರು. ನಾನೂ ಒಂದನ್ನು ಇಸಕೊಂಡು ಅಲ್ಲಾಡಿಸಿದೆ. ನನ್ನ ಎದೆಬಡಿತ ಬಿಟ್ಟು ಏನೂ ಕೇಳಿಸಲಿಲ್ಲ. "ಇರಬಹುದು" ಎಂದುಬಿಟ್ಟೆ.

"ಅಯ್ಯೋ ನಿಮ್ಮ! ಆ ಸ್ಪ್ಯಾನರ್ ಕೊಡ್ರೀ ಇಲ್ಲಿ!" ಎಂದು ಆಶಾ ಗಾಲಿ ತಳ್ಳಿಕೊಂಡು ಬಂದಳು. ಒಂದೇ ತಿರುವಿಗೆ ನಾನು ಪುಸ್ಸೆಂದು ಕೆಳಗಿಳಿದೆ.

ನನ್ನ ಭುಜ ಹಿಡಿದು ಅವಳು ಮೆಷಿನ್ನಿಗೆ ಬಂದಳು. ಪಟ್ಟಿ ಕಟ್ಟಿ ಹಿಡಿ ಒತ್ತಿದಳು. ಅವಳ ಕಾಲು ನಡುಗಿತು. ಅವಳ ತಲೆ ನನ್ನ ಗಲ್ಲ ದಾಟಿತು, ಮೂಗು ದಾಟಿತು, ನೆತ್ತಿಯನ್ನೂ ದಾಟಿತು. ಅವಳು ನನಗಿಂತ ಎತ್ತರ ಎಂಬುದನ್ನೇ ಮರೆತಿದ್ದೆ. ವೀರಭದ್ರಯ್ಯ ತಮಗೇ ಗೊತ್ತಿಲ್ಲದಂತೆ ಬೆಂಚಿನಿಂದ ಎದ್ದು ನಿಂತರು.

ಹಲಗೆಯ ಮೇಲೆ ಕಾಯಿ ಹಾಕಿಸಿಕೊಂಡು ಅವಳು ಒಂದೊಂದನ್ನೇ ಅಲ್ಲಾಡಿಸಿದಳು. "ಇದು ಬಿಟ್ಟೈತೆ. ಇದೂ ಬಿಟ್ಟೈತೆ. ಇದ್ಯಾವ ಲೆಕ್ಕದಲ್ಲಿ ಹಸಿ? ನಿಮ್ಮ ಕಿವೀಲೇ ಕೇಳ್ರೀ ವೀರಭದ್ರಯ್ಯನೋರೆ!"

"ಆಯ್ತು ಬುಡವ್ವ, ನೀನೇಳೋ ರೇಟೇ ಆಗ್ಲಿ."

"ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದು ಮುಂದೆ ಬಂದೆ.

"ರೀ, ಬೆಳಕಿಗೆ ಅಡ್ಡ ನಿಂತಿದ್ದೀರ. ವೀಲ್‌ಚೇರು ಖಾಲಿ ಐತಲ್ಲ, ಕೂತ್ಕಳಿ."

ಕೂತೆ. ಕೂತಲ್ಲಿಂದಲೇ, ರೇಟು ಇನ್ನೊಂಚೂರು ಏರಿಸಬಹುದಿತ್ತು ಎಂದೆ. ಯಾರೂ ತಿರುಗಲಿಲ್ಲ. ಗಂಟಲು ಸರಿಮಾಡಿಕೊಂಡು ಇನ್ನೂ ಗಟ್ಟಿಯಾಗಿ ಹೇಳಿದೆ.

"ಲಾರಿ ಯಾವತ್ತು ಕಳಿಸ್ಲವ್ವಾ?" ಎಂದು ವೀರಭದ್ರಯ್ಯ ಆಶಾಳನ್ನು ಕೇಳಿದರು.